ನಿಂತ ಚುಕ್ಕಿ, ಗಾಬರಿಯಾದ ಮನೆ

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನವಳು, ವಯಸ್ಸು 19. ಶಿವಮೊಗ್ಗದ ಪಿಜಿಯೊಂದರಲ್ಲಿದ್ದುಕೊಂಡು ಬಿ.ಎಸ್ಸಿ. ಓದುತ್ತಿದ್ದೇನೆ. ಫೋನ್ ಕೊಡಿಸಿದ ದಿನವೇ ಅಣ್ಣ ಗೂಗಲ್ ಮ್ಯಾಪ್ಸ್‌ನಲ್ಲಿ, ನಾನಿರುವ ಜಾಗ ಮನೆಯವರಿಗೆ ಸದಾ ಕಾಣುವಂತೆ ಲೊಕೇಶನ್ ಶೇರಿಂಗ್ ಹಾಕಿಟ್ಟ. ಗೋಪಿ ವೃತ್ತದಲ್ಲಿ ಗೆಳತಿಯರೊಂದಿಗೆ ತುಸು ಹೊತ್ತು ನಿಂತರೂ ‘ಅಲ್ಲೇನು ಕೆಲಸ’ ಎಂದು ಕರೆ ಬರುತ್ತದೆ. ಕಳೆದ ಶನಿವಾರ ಊರಿಗೆ ಬರುವಾಗ ಮಂಡಗದ್ದೆಯ ಬಳಿ ನೆಟ್‌ವರ್ಕ್ ಹೋಗಿ, ನಾನು ಕಾಡಿನ ನಡುವೆ ನಿಂತಂತೆ ಕಂಡದ್ದರಿಂದ ಅಪ್ಪಯ್ಯ ಗಾಬರಿಯಾಗಿ ನೆಂಟರಿಗೆಲ್ಲ ಫೋನ್ ಮಾಡಿದರು. ಇದನ್ನು ನಿಲ್ಲಿಸಿಬಿಡಲೇ?
— ಹೆಸರು ಬೇಡ, ತೀರ್ಥಹಳ್ಳಿ

ಉತ್ತರ: ಹೇಳದೆ ನಿಲ್ಲಿಸಬೇಡಿ; ನಕ್ಷೆಯಲ್ಲಿ ನಿಮ್ಮನ್ನು ತೋರಿಸುವ ಚುಕ್ಕಿ ಮಾಯವಾದದ್ದನ್ನೇ ಮನೆಯವರು ಅಪಾಯವೆಂದು ತಿಳಿದಾರು. ಆದರೆ ಹಗಲಿರುಳಿನ ಈ ಕಾವಲು ಹೀಗೆಯೇ ಮುಂದುವರಿಯಬೇಕಾಗಿಲ್ಲ.

ಮೊದಲು ಆ ಶನಿವಾರ ನಡೆದದ್ದೇನೆಂದು ಅಪ್ಪಯ್ಯನವರಿಗೆ ವಿವರಿಸಿ. ಫೋನ್ ಉಪಗ್ರಹಗಳ ಸಂಕೇತದಿಂದ ತಾನಿರುವ ಜಾಗವನ್ನು ಲೆಕ್ಕಹಾಕಬಲ್ಲದು, ಅದಕ್ಕೆ ಮೊಬೈಲ್ ಸಿಗ್ನಲ್ ಬೇಕಿಲ್ಲ. ಆದರೆ ಆ ಲೆಕ್ಕ ಮನೆಯವರ ಫೋನಿಗೆ ತಲುಪಬೇಕಾದರೆ ಇಂಟರ್ನೆಟ್ ಬೇಕೇ ಬೇಕು. ಹೀಗಾಗಿ ಬಸ್ಸು ಮುಂದೆ ಸಾಗುತ್ತಿದ್ದರೂ, ಸಿಗ್ನಲ್ ಕಡಿದ ಜಾಗದಲ್ಲಿ ಸಿಕ್ಕ ಕೊನೆಯ ಗುರುತೇ ಪರದೆಯ ಮೇಲೆ ಉಳಿಯುತ್ತದೆ. ಅದು ಎಷ್ಟು ಹೊತ್ತಿನ ಹಿಂದಿನದೆಂದು ಹೆಸರಿನ ಬಳಿ ಬರೆದಿರುತ್ತದಾದರೂ, ಹೆದರಿದವರ ಕಣ್ಣಿಗೆ ಅದು ಬೀಳುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಟವರೇ ಸುಮ್ಮನಾಗುವ ನಮ್ಮ ಮಲೆನಾಡಿನಲ್ಲಿ ಈ ತಿಳಿವಳಿಕೆ ಪ್ರತಿ ಮನೆಗೂ ಅಗತ್ಯ.

ಗೋಪಿ ವೃತ್ತದ ಸಂಗತಿ ಇದಕ್ಕಿಂತ ಆಳವಾದದ್ದು. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಜಗಲಿಯಲ್ಲಿ ಕುಳಿತು ಅಪ್ಪಯ್ಯನವರೊಡನೆ ತೀರ್ಪಿನ ಮಾತಾಡಿ ಎಂದು ನಾನು ಹೇಳುತ್ತಿಲ್ಲ. ನಿಮ್ಮ ಬೇಸರ ಉದ್ಧಟತನವಲ್ಲ ಎಂದು ನಿಮಗೆ ಗೊತ್ತಿರಲಿ ಎಂದಷ್ಟೇ. ಗ್ರಂಥಾಲಯದಲ್ಲಿ ತಡವಾದದ್ದಕ್ಕೂ, ಕುವೆಂಪು ರಂಗಮಂದಿರದಲ್ಲಿ ನಾಟಕ ನೋಡಿದ್ದಕ್ಕೂ ಕಾರಣ ಒಪ್ಪಿಸಬೇಕಾದ ವಿದ್ಯಾರ್ಥಿನಿ ಕ್ರಮೇಣ ಫೋನನ್ನು ಪಿಜಿಯಲ್ಲೇ ಬಿಟ್ಟು ಹೊರಡಲು ಕಲಿಯುತ್ತಾಳೆ. ಆಗ ನಿಜವಾಗಿ ಕಷ್ಟ ಬಂದ ಹೊತ್ತಿಗೆ 112ಕ್ಕೆ ಕರೆ ಮಾಡಲೂ ಕೈಯಲ್ಲಿ ಫೋನಿರುವುದಿಲ್ಲ. ಮನೆಯವರಿಗೆ ನೀವು ಮುಖ್ಯವಾಗಿ ಮನಗಾಣಿಸಬೇಕಾದದ್ದು ಇದನ್ನೇ.

ಬದಲಿ ವ್ಯವಸ್ಥೆಯನ್ನು ನೀವೇ ಮುಂದಿಡಿ. ವಾಟ್ಸ್ಆ್ಯಪ್‌ನ ಲೈವ್ ಲೊಕೇಶನ್ 15 ನಿಮಿಷ, ಒಂದು ಗಂಟೆ ಅಥವಾ 8 ಗಂಟೆಗೆ ಸೀಮಿತವಾಗಿದ್ದು, ಅವಧಿ ಮುಗಿದೊಡನೆ ತಾನಾಗಿ ನಿಲ್ಲುತ್ತದೆ. ಊರಿನ ಪ್ರಯಾಣಕ್ಕೆ ಒಂದು ಗಂಟೆ ಸಾಲದಾದ್ದರಿಂದ 8 ಗಂಟೆಯದನ್ನು ಆರಿಸಿ, ಮನೆ ಸೇರಿದ ಮೇಲೆ ನೀವೇ ನಿಲ್ಲಿಸಿ. ಬಸ್ಸು ಹತ್ತುವ ಮೊದಲು ಒಂದು ಸಂದೇಶ, ರಾತ್ರಿ ಪಿಜಿ ಸೇರಿದಾಗ ಒಂದು ಸಂದೇಶ ಎಂದು ಮಾತು ಕೊಡಿ, ತಪ್ಪದೆ ನಡೆಸಿ. ಅವರು ಒಪ್ಪಿದ ಬಳಿಕ ಗೂಗಲ್ ಮ್ಯಾಪ್ಸ್‌ನಲ್ಲಿ ಯಾರಿಗೆಲ್ಲ ನಿಮ್ಮ ಸ್ಥಳ ಕಾಣುತ್ತಿದೆ ಎಂಬ ಪಟ್ಟಿಯನ್ನು ಅಣ್ಣನ ಎದುರಿಗೇ ತೆರೆದು, ಬೇಡವಾದದ್ದನ್ನು ತೆಗೆದುಹಾಕಿ; ಅಲ್ಲಿ ನಿಮ್ಮ ಫೋನಿನ ಬ್ಯಾಟರಿ ಮಟ್ಟವೂ ಅವರಿಗೆ ಕಾಣುತ್ತದೆ. ಸ್ನ್ಯಾಪ್‌ಚಾಟ್ ಬಳಸುವವರಾದರೆ ಅದರ ನಕ್ಷೆಯಲ್ಲಿ ನಿಮ್ಮ ಜಾಗ ಗೆಳೆಯರಿಗೆ ಕಾಣದಂತೆ ಮಾಡುವ ಘೋಸ್ಟ್ ಮೋಡ್ ಹಾಕಿಕೊಳ್ಳಿ. ತರಗತಿಯ ಅರೆಪರಿಚಿತರಿಗೆ ನಿಮ್ಮ ಪಿಜಿ ಎಲ್ಲಿದೆಯೆಂದು ಕಾಣುವುದು, ಅಪ್ಪಯ್ಯನವರಿಗೆ ಗೋಪಿ ವೃತ್ತ ಕಾಣುವುದಕ್ಕಿಂತ ಹೆಚ್ಚು ಯೋಚಿಸಬೇಕಾದ ವಿಷಯ.