ಉ: ಆಸಿಡ್ ಪಂಪಿನ ಶಾಫ್ಟ್‌ಗೆ ಮೋನೆಲ್ಲೋ, ಇನ್ಕೊನೆಲ್ಲೋ?

ನಮಸ್ಕಾರ. ಬಳ್ಳಾರಿ ಹತ್ತಿರದ ಪಿಕ್ಲಿಂಗ್ ಲೈನಿನಲ್ಲಿ (ಉಕ್ಕಿನ ಮೇಲಿನ ಪೊರೆಯನ್ನು ಆಸಿಡ್‌ನಲ್ಲಿ ತೆಗೆಯುವ ಕಡೆ) 316 ಸ್ಟೇನ್‌ಲೆಸ್ ಶಾಫ್ಟ್ ಮೂರೇ ತಿಂಗಳಿಗೆ ಗುಳಿ ಬೀಳುತ್ತಿದೆ, ಮೋನೆಲ್ 400 ಹಾಕಲಾ, ಇನ್ಕೊನೆಲ್ 718 ಹಾಕಲಾ ಅಂತ ಕೇಳಿದ್ದೀರಿ. ಇವೆರಡೂ ನಿಕ್ಕಲ್ ಮಿಶ್ರಲೋಹಗಳು, ನನ್ನ ಪ್ರಕಾರ ಎರಡೂ ಬೇಡ.

ಮೋನೆಲ್‌ನಲ್ಲಿ ಸುಮಾರು ಮೂರನೇ ಒಂದು ಪಾಲು ತಾಮ್ರ. ಸಮುದ್ರದ ನೀರಿಗೆ ಚೆನ್ನಾಗಿಯೇ ನಿಲ್ಲುತ್ತದೆ. ಆದರೆ ನಿಮ್ಮ ತೊಟ್ಟಿಯಲ್ಲಿರುವುದು ಬರೀ ಹೈಡ್ರೋಕ್ಲೋರಿಕ್ ಆಸಿಡ್ ಅಲ್ಲ. ಉಕ್ಕಿನ ಮೇಲಿನ ಪೊರೆ ಕರಗಿ ಕಬ್ಬಿಣದ ಕ್ಲೋರೈಡೂ ಸೇರಿರುತ್ತದೆ. ಅದರಲ್ಲಿ ಸ್ವಲ್ಪ ಫೆರಿಕ್ (ಹೆಚ್ಚು ಆಕ್ಸಿಡೀಕರಣಗೊಂಡ ಕಬ್ಬಿಣ) ಇದ್ದರೂ ಸಾಕು, ಮೋನೆಲ್ ಬೇಗ ಸವೆಯುತ್ತದೆ. ನಾವೂ ಒಮ್ಮೆ ಈ ತಪ್ಪು ಮಾಡಿ ದುಡ್ಡು ಸುರಿದವರೇ!

718ರ ಹೆಸರು ಬಲಕ್ಕೆ. ಏಜಿಂಗ್ (ಬಿಸಿಯಲ್ಲಿಟ್ಟು ಗಟ್ಟಿ ಮಾಡುವುದು) ಮಾಡಿದರೆ ಯೀಲ್ಡ್ ಸ್ಟ್ರೆಂತ್, ಅಂದರೆ ಶಾಶ್ವತವಾಗಿ ಬಾಗದೆ ತಡೆಯುವ ಬಲ, 1000 ಮೆಗಾಪ್ಯಾಸ್ಕಲ್ ದಾಟುತ್ತದೆ. ಆಸಿಡ್ ತಡೆಯುವ ಮಾಲಿಬ್ಡಿನಂ ಮಾತ್ರ ಸುಮಾರು 3%. ನಿಮ್ಮ ಶಾಫ್ಟ್ ಮುರಿಯುತ್ತಿಲ್ಲ, ಕರಗುತ್ತಿದೆ, ಅಲ್ವಾ? ಹಾಗಾದರೆ ಅಷ್ಟು ಬಲ ಸುಮ್ನೆ ದಂಡ.

ಲೋಹವೇ ಬೇಕೆಂದರೆ ಇನ್ನೊಂದು ನಿಕ್ಕಲ್ ಮಿಶ್ರಲೋಹ, ಹ್ಯಾಸ್ಟೆಲಾಯ್ ಸಿ-276 ನೋಡಿ. ಇದರಲ್ಲಿ ಮಾಲಿಬ್ಡಿನಂ 16% ಹತ್ತಿರ, ಜೊತೆಗೆ ಕ್ರೋಮಿಯಂ ಮತ್ತು ಸ್ವಲ್ಪ ಟಂಗ್‌ಸ್ಟನ್. ಮಾಲಿಬ್ಡಿನಂ ಆಸಿಡ್ ತಡೆದರೆ, ಕ್ರೋಮಿಯಂ ಫೆರಿಕ್ ಕಾಟ ತಡೆಯುತ್ತದೆ. ಬಲ 718ಕ್ಕಿಂತ ತುಂಬ ಕಡಿಮೆ, ಸಾಮಾನ್ಯ ಪಂಪಿಗೆ ಸಾಲುತ್ತದೆ. ಇನ್ಕೊನೆಲ್ 625 ನಡುವಿನದು, ಮಾಲಿಬ್ಡಿನಂ ಸುಮಾರು 9%.

ಒಂದು ಮಾತು. ಆಸಿಡ್ 80 ಡಿಗ್ರಿ ಬಿಸಿ ಇದ್ದರೆ ಸಿ-276 ಕೂಡ ಸವೆಯುತ್ತದೆ. ಆಗ ಆಸಿಡ್ ಲೋಹಕ್ಕೆ ತಾಗದ ಹಾಗೆ ಟೆಫ್ಲಾನ್ ಲೈನಿಂಗ್ ಇರುವ ಮ್ಯಾಗ್ನೆಟಿಕ್ ಡ್ರೈವ್ ಪಂಪ್ (ಅಯಸ್ಕಾಂತದಿಂದ ತಿರುಗುವ ಪಂಪ್) ವಿಚಾರಿಸಿ. ತೊಟ್ಟಿಯ ಬಿಸಿ ಎಷ್ಟು, ಆಸಿಡ್ ಎಷ್ಟು ಪರ್ಸೆಂಟ್ ಅಂತ ತಿಳಿಸಿ, ಮುಂದೆ ನೋಡೋಣ.