ಘಟ್ಟ ಹತ್ತಿದ ಮುತ್ತಜ್ಜನ ಮೂಲ ಊರು: ಹೆಸರು ಬಿಡಿ, ಸಾಕ್ಷಿ ಹಿಡಿಯಿರಿ

ಸರ್, ಅಲ್ಲೇ ನಿಲ್ಲಿಸಿ. ಮುತ್ತಜ್ಜ ಘಟ್ಟದ ಕೆಳಗಿನಿಂದ ಬಂದು ಸಕಲೇಶಪುರದ ಹತ್ತಿರ ಕಾಫಿ ತೋಟ ಮಾಡಿದರು, ಮೂಲ ಊರು ಯಾರಿಗೂ ಗೊತ್ತಿಲ್ಲ, ಹುಡುಕುವುದು ಹೇಗೆ ಎಂದು ಕೇಳಿದ್ದೀರಿ. ಹೆಸರು ಹೊಂದುತ್ತದೆ ಅಂತ ಬಂಟ್ವಾಳದ ಯಾರೋ ಶೆಟ್ಟರ ವಂಶವೃಕ್ಷಕ್ಕೆ ನಿಮ್ಮದನ್ನು ಅಂಟಿಸಿಯೂ ಬಿಟ್ಟಿದ್ದೀರಿ. ನಾನೂ ಹೀಗೇ ಅಂಟಿಸಿ ಆಮೇಲೆ ಕಿತ್ತವನೇ. ಒಂದೇ ಹೆಸರಿನವರು ಊರೂರಿಗೂ ಇದ್ದರು. ಹೆಸರು ಸಾಕ್ಷಿ ಅಲ್ಲ.

ಜಮೀನು ಕೊಂಡ ಕ್ರಯಪತ್ರ ತೆಗೆಯಿರಿ. ಎಲ್ಲರೂ 'ಬಿನ್' ಆದಮೇಲಿನ ಅಪ್ಪನ ಹೆಸರು ನೋಡಿ ಮಡಚಿಡುತ್ತಾರೆ. ಕೊನೇ ಪುಟಕ್ಕೆ ಹೋಗಿ. ಸಾಕ್ಷಿ ಹಾಕಿದವರು ಯಾರು, ಬಿಕ್ಕಲಂ (ಪತ್ರ ಬರೆದವರ ಸಹಿ) ಯಾರದು? ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿಯಲ್ಲಿ, ಯಾರ ಜಮೀನಿದೆ? ಕಾಡು ಕಡಿದು ತೋಟ ಮಾಡಲು ಒಬ್ಬನೇ ಬರುವುದು ಕಮ್ಮಿ. ಭಾವ, ನೆಂಟ, ನೆರೆಮನೆಯವ ಹಿಂದೆಮುಂದೆ ಬಂದಿರುತ್ತಾರೆ. ನಮ್ಮಜ್ಜನ ಪತ್ರಗಳಲ್ಲಿ ಹಳೇ ಊರಿನ ಸುದ್ದಿಯೇ ಇರಲಿಲ್ಲ. ಪಶ್ಚಿಮದ ಚಕ್ಕುಬಂದಿಯವರ ಪತ್ರದಲ್ಲಿ ಊರಿನ ಸಮೇತ 'ಉಪ್ಪಿನಂಗಡಿ ತಾಲೂಕು' ಎಂದಿತ್ತು. ಕೇಳಿದರೆ ಅವರು ಅಜ್ಜಿಯ ಅಣ್ಣ! ಛಾಪಾ ಕಾಗದದ ಹಿಂಬದಿಯನ್ನೂ ನೋಡಿ. ಕಾಗದ ಕೊಂಡವನ ಹೆಸರು, ವಾಸವನ್ನು ಅಲ್ಲಿ ಗೀಚಿರುತ್ತಾರೆ. ಪತ್ರದೊಳಗೆ ಬಿಟ್ಟುಹೋದದ್ದು ಕೆಲವು ಸಲ ಅಲ್ಲಿ ಸಿಗುತ್ತದೆ.

ಮೂಲಪತ್ರ ಕಳೆದಿದ್ದರೆ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ನಕಲಿಗೆ ಅರ್ಜಿ ಹಾಕಿ. ನೋಂದಣಿ ಇಲಾಖೆಯ 'ಕಾವೇರಿ' ವೆಬ್‌ಸೈಟಿನಲ್ಲಿ ಇಸಿ (ಋಣಭಾರ ಪತ್ರ) 2004ರಿಂದ ಈಚೆಗಿನದು ಮಾತ್ರ ಬರುತ್ತದೆ, ಕಂದಾಯ ಇಲಾಖೆಯ 'ಭೂಮಿ'ಯ ಕಂಪ್ಯೂಟರ್ ಪಹಣಿಯೂ ಈಚಿನದೇ, ಹಳೇದಕ್ಕೆ ಸಾಲದು. ಹಳೇ ಕೈಬರಹದ ಪಹಣಿಗೆ ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೇಳಿ. ಅಲ್ಲಿ ಸಕಲೇಶಪುರ ತಾಲೂಕು ಅಂತ ಮಾತ್ರ ಹುಡುಕಬೇಡಿ, ಹಿಂದೆ ಅದು ಮಂಜರಾಬಾದ್. ಘಟ್ಟದ ಕೆಳಗಿನ ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿಗೆ ಸೇರಿತ್ತು. ಮಂಗಳೂರಿನಲ್ಲಿ ಸಿಗದಿದ್ದರೆ ಚೆನ್ನೈ ಎಗ್ಮೋರಿನ ಆರ್ಕೈವ್ಸ್ ಇದೆ. ಕಾಸರಗೋಡನ್ನು ಮರೆಯಬೇಡಿ, ಆಗ ಅದೂ ದಕ್ಷಿಣ ಕನ್ನಡವೇ.

ಇನ್ನೊಂದು. ನಿಮ್ಮದು ಅಳಿಯಸಂತಾನದ ಮನೆಯಾಗಿದ್ದರೆ ಅಪ್ಪನ ಕಡೆ ಹುಡುಕಿ ಸುಮ್ನೆ ಸುಸ್ತಾಗುತ್ತೀರಿ. ಆಸ್ತಿಯೂ ಬಳಿಯೂ (ಗೋತ್ರದಂಥದ್ದು) ತಾಯಿಯ ಕಡೆಯಿಂದ ಬರುತ್ತಿತ್ತು. ಮುತ್ತಜ್ಜನ ಅಮ್ಮ ಯಾರು, ಸೋದರಮಾವ ಯಾರು ಎಂದು ಕೇಳಿ. ಹಾಗೆಂದು ಶೆಟ್ಟಿ ಅಂದ ಕೂಡಲೇ ಬಂಟರು ಎಂದುಕೊಳ್ಳಬೇಡಿ, ಘಟ್ಟದ ಮೇಲೆ ಬೇರೆ ಜಾತಿಯ ಶೆಟ್ಟರೂ ಇದ್ದಾರೆ.

ಮನೆಯ ಹಿರಿಯ ಹೆಂಗಸರನ್ನು ಈಗಲೇ ಮಾತಾಡಿಸಿ. ಮುಡಿಪು ಎಲ್ಲಿಗೆ ಕಟ್ಟುತ್ತಿದ್ದರು, ನಾಗನ ಮೂಲಸ್ಥಾನ ಎಲ್ಲಿ, ಯಾವ ದೈವಕ್ಕೆ ನಡೆದುಕೊಳ್ಳುತ್ತಿದ್ದರು? ಧರ್ಮಸ್ಥಳ ಅಂದರೆ ಉಪಯೋಗವಿಲ್ಲ, ಅಲ್ಲಿಗೆ ಎಲ್ಲರೂ ಹೋಗುತ್ತಾರೆ. ಸಣ್ಣ ಊರಿನ ಗುಡಿ ಹೆಸರು ಬಂದರೆ ಬರೆದಿಡಿ. ಜ್ಯೋತಿಷಿಗಳಲ್ಲಿ ಪ್ರಶ್ನೆ ಇಡಿಸುವುದು ನಿಮ್ಮ ನಂಬಿಕೆ, ಆದರೆ ಅದರಲ್ಲಿ ಬಂದ ಊರನ್ನು ವಂಶವೃಕ್ಷಕ್ಕೆ ಹತ್ತಿಸಬೇಡಿ.

ಡಿಎನ್‌ಎ ಕಿಟ್ ತರಿಸುತ್ತೇನೆ ಎಂದಿದ್ದೀರಿ. ಆನ್ಸೆಸ್ಟ್ರಿ ಇರಲಿ, ಮೈಹೆರಿಟೇಜ್ ಇರಲಿ, ಗ್ರಾಮದ ಮಟ್ಟಕ್ಕೆ ಇಳಿಯುವುದಿಲ್ಲ. ನಮ್ಮ ಕಡೆಯವರು ಪರೀಕ್ಷೆ ಮಾಡಿಸಿರುವುದೇ ಕಮ್ಮಿ ಅಲ್ವಾ, ಹೊಂದಾಣಿಕೆ ಯಾರ ಜೊತೆ ಆಗಬೇಕು? ಆ ದುಡ್ಡನ್ನು ನಕಲು ಪತ್ರಗಳಿಗೆ ಹಾಕಿ. ಫ್ಯಾಮಿಲಿಸರ್ಚ್ ವೆಬ್‌ಸೈಟ್ ಪುಕ್ಕಟೆ, ವಂಶವೃಕ್ಷ ಬರೆದಿಡಲು ಅದೇ ಸಾಕು. ಆದರೆ ಅಲ್ಲಿ ನಿಮ್ಮ ಮರವನ್ನು ಬೇರೆಯವರೂ ತಿದ್ದಬಹುದು, ಒಂದು ಪ್ರತಿ ಕೈಯಲ್ಲಿರಲಿ.

ಹಾಂ, ಪತ್ರಗಳನ್ನು ಲ್ಯಾಮಿನೇಶನ್ ಮಾಡಿಸಿದರೆ ಜಗಳ ಆಡುತ್ತೇನೆ! ಆಮೇಲೆ ಬಿಚ್ಚಲು ಆಗುವುದಿಲ್ಲ. ಸ್ಕ್ಯಾನ್ ಆ್ಯಪಿನ ಕಪ್ಪುಬಿಳುಪು ಫಿಲ್ಟರೂ ಬೇಡ, ಪೆನ್ಸಿಲ್ ಗೀಟು ಮಾಯವಾಗುತ್ತದೆ. ಹಗಲು ಬೆಳಕಲ್ಲಿ ಫೋಟೋ ತೆಗೆದು ಕೊನೇ ಪುಟ ಇಲ್ಲಿ ಹಾಕಿ, ಸಾಕ್ಷಿಗಳ ಹೆಸರು ಓದಿಕೊಡುತ್ತೇನೆ. ಜೊತೆಗೆ ಆಧಾರ್ ಪ್ರತಿ ಹಾಕಬೇಡಿ ಮತ್ತೆ.