ಅರ್ಧಕ್ಕೆ ನಿಂತ ಸ್ವೆಟರ್ ಬಿಚ್ಚಿಬಿಡಿ

ಪ್ರಶ್ನೆ: ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಮನೆ. ಬೆಳಗ್ಗೆ ಪದವಿನ (ಮುರಕಲ್ಲಿನ ಬಯಲು ಗುಡ್ಡದ) ಕಡೆ ನಡಿಗೆ, ಮಧ್ಯಾಹ್ನ ಕೆಲಸವಾದ ಮೇಲೆ ಹೆಣಿಗೆ ಇಲ್ಲವೇ ಮಾಯಾಲೋಕದ (ಫ್ಯಾಂಟಸಿ) ಕಾದಂಬರಿ. ಯಾವುದೂ ಮುಗಿಯುವುದಿಲ್ಲ. ಉಲ್ಲನ್ ಸ್ವೆಟರ್ ಎರಡು ವರ್ಷದಿಂದ ತೋಳಿನ ಹತ್ತಿರ ನಿಂತಿದೆ. ಹತ್ತಿ ನೂಲಿನ ಚೌಕ ಹೆಣೆದರೆ ಮೇಲೆ ಹೋದಂತೆ ಅಗಲವಾಗುತ್ತದೆ. “ಈ ಸೆಕೆಯಲ್ಲಿ ಉಲ್ಲನ್ ಯಾರಿಗೆ? ಮೇಲಿಂದ ಮಕ್ಕಳ ಹಾಗೆ ರಾಕ್ಷಸರ ಕಥೆ ಬೇರೆ” ಅನ್ನುತ್ತಾರೆ ಅತ್ತೆ. ಎಲ್ಲ ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ಆದರೆ ಸ್ವೆಟರಿನ ಮಟ್ಟಿಗೆ ಅತ್ತೆ ಹೇಳಿದ್ದು ಸರಿ. ಕಾಸರಗೋಡಿನ ಸೆಕೆಗೆ ಬೇಡದ ವಸ್ತುವನ್ನು ಹೆಣೆಯಲು ಕೈ ಓಡುವುದಿಲ್ಲ, ಅದನ್ನು ಸೋಮಾರಿತನ ಅಂದುಕೊಳ್ಳಬೇಡಿ. ಬಿಚ್ಚಿ. ನೂಲನ್ನು ಕುರ್ಚಿಯ ಬೆನ್ನಿಗೆ ಸುತ್ತಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ನೇತುಹಾಕಿದರೆ ಸುರುಳಿ ಬಹುಮಟ್ಟಿಗೆ ಹೋಗುತ್ತದೆ. ಅಕ್ರಿಲಿಕ್ ನೂಲಾದರೆ ಅಷ್ಟು ಸುಲಭಕ್ಕೆ ನೆಟ್ಟಗಾಗದು. ಈ ಕೆಲಸ ಮಳೆಗಾಲದಲ್ಲಿ ಮಾತ್ರ ಬೇಡ, ನೂಲು ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ.

ಚೌಕ ಅಗಲವಾಗುವುದಕ್ಕೆ ಕಾರಣ ಹೆಚ್ಚಾಗಿ ಸಾಲಿನ ಮೊದಲ ಕುಣಿಕೆಯಲ್ಲಿರುತ್ತದೆ. ಕಡ್ಡಿ ತಿರುಗಿಸಿದಾಗ ನೂಲು ಮುಂದುಗಡೆ ಇರುತ್ತದೆ. ಅದನ್ನು ಕಡ್ಡಿಯ ಮೇಲಿನಿಂದ ಹಿಂದಕ್ಕೆ ಎಳೆದರೆ ಆ ಕುಣಿಕೆಯ ಎರಡು ಕಾಲೂ ಮೇಲೆದ್ದು ಎರಡು ಕುಣಿಕೆಯಂತೆ ಕಾಣುತ್ತವೆ, ನೀವು ಎರಡನ್ನೂ ಹೆಣೆಯುತ್ತೀರಿ. ಕಡ್ಡಿಯ ಕೆಳಗಿನಿಂದ ಹಿಂದಕ್ಕೆ ತನ್ನಿ. ಸಾಲಿನ ನಡುವೆ ತೂತು ಕಂಡರೆ ಅಲ್ಲಿ ನೂಲು ಕಡ್ಡಿಗೆ ಒಂದು ಸುತ್ತು ಹೆಚ್ಚಿಗೆ ಬಿದ್ದಿದೆ ಎಂದರ್ಥ. 8 ಎಳೆಯ ಹತ್ತಿ ನೂಲು, 4 ಮಿಲಿಮೀಟರ್ ಬಿದಿರಿನ ಕಡ್ಡಿ, 44 ಕುಣಿಕೆ: ಸುಮಾರು 20 ಸೆಂಟಿಮೀಟರ್ ಅಗಲ ಬರುತ್ತದೆ, 50 ಗ್ರಾಂ ಉಂಡೆ ಸಾಕು. ಎಲ್ಲ ಸಾಲೂ ಸೀದಾ (ನಿಟ್) ಹೆಣೆಯಿರಿ. ಒಂದು ಸಾಲು ಸೀದಾ, ಒಂದು ಉಲ್ಟಾ (ಪರ್ಲ್) ಹೆಣೆದರೆ ಅಂಚು ಸುರುಳಿಕೊಳ್ಳುತ್ತದೆ. ಮೊದಲ ಹತ್ತು ಸಾಲು ಮುಗಿಯುವವರೆಗೆ ಪ್ರತಿ ಸಾಲಿನ ಕೊನೆಗೂ 44 ಎಣಿಸಿ, ಬೇಜಾರಾದರೂ ಸರಿ. ಇಂಥ ಎರಡು ಚೌಕ ಸೇರಿಸಿ ಹೊಲಿದರೆ ಅಡುಗೆಮನೆಗೆ ಒಳ್ಳೆಯ ಮಸಿಬಟ್ಟೆ. ಇದಕ್ಕೆ ಅಕ್ರಿಲಿಕ್ ಬೇಡವೇ ಬೇಡ, ಬಿಸಿ ಪಾತ್ರೆಗೆ ಕರಗಿ ಕೈಗೆ ಅಂಟುತ್ತದೆ.

ನಡಿಗೆಯನ್ನು ಮಳೆಗಾಲದಲ್ಲಿ ನಿಲ್ಲಿಸುವುದು ನಷ್ಟ. ಆಗಸ್ಟ್, ಸೆಪ್ಟೆಂಬರಿನಲ್ಲಿ ಮುರಕಲ್ಲಿನ ಪಾರೆಯ ಮೇಲೆ ನೀರು ನಿಂತ ಕಡೆ ಗೇಣುದ್ದದ ಗಿಡಗಳಲ್ಲಿ ನೀಲಿ ಹೂ ಬಿಡುತ್ತವೆ. ಕುಕ್ಕರಗಾಲಲ್ಲಿ ಕೂತು ನೋಡಿ. ಆ ಗಿಡ ಕೀಟಭಕ್ಷಕ: ಬುಡದ ಎಳೆಗಳಲ್ಲಿರುವ ಸಾಸಿವೆಗಿಂತ ಚಿಕ್ಕ ಚೀಲಗಳು ನೀರಿನ ಸೂಕ್ಷ್ಮ ಜೀವಿಗಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಒಳಗೆಳೆದುಕೊಳ್ಳುತ್ತವೆ. ನಿಮ್ಮ ಕಾದಂಬರಿಕಾರರಿಗೂ ಇದು ಹೊಳೆದಿರಲಿಕ್ಕಿಲ್ಲ! ಪಾಚಿ ಹಿಡಿದ ಕಪ್ಪು ಕಲ್ಲು ಜಾರುತ್ತದೆ. ಚಪ್ಪಲಿ ಬಿಟ್ಟು ಹಿಡಿತವಿರುವ ಮುಚ್ಚಿದ ಬೂಟು ಹಾಕಿ, ಹುಲ್ಲಿನಲ್ಲಿ ಹಾವಿನ ಭಯಕ್ಕೂ ಅದೇ ಒಳ್ಳೆಯದು. ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಹಳೆಯ ಸುರಂಗ ಕಂಡರೆ ಒಳಗೆ ಹೋಗಬೇಡಿ. ತುಲಾ ಮಾಸದಲ್ಲಿ (ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನವರೆಗೆ) ಮಧ್ಯಾಹ್ನದ ಮೇಲೆ ಸಿಡಿಲು ಜಾಸ್ತಿ, ಬಯಲು ಪಾರೆಯಲ್ಲಿ ಎತ್ತರಕ್ಕೆ ಕಾಣುವುದು ನೀವೊಬ್ಬರೇ. ಹಾಗಾಗಿ ಬೆಳಗ್ಗೆ ಎಂಟರೊಳಗೆ ಮನೆ ಸೇರಿ.

ಇನ್ನು ರಾಕ್ಷಸರ ಕಥೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಿಮಗೆ ಪಕ್ಕದ ಊರು. ಯಕ್ಷಗಾನ ಆಟದಲ್ಲಿ ಮಹಿಷಾಸುರ ಜನರ ನಡುವಿನಿಂದ ಅಬ್ಬರಿಸಿಕೊಂಡು ಬರುವುದನ್ನು ನೋಡಲು ನಿದ್ದೆಗೆಟ್ಟು ಕೂತವರು ಅತ್ತೆಯ ತಲೆಮಾರಿನವರೇ. ನಗುತ್ತಲೇ ಅವರಿಗೆ ಅದನ್ನು ನೆನಪಿಸಿ. ದಪ್ಪ ಕಾದಂಬರಿ ಅರ್ಧಕ್ಕೆ ನಿಲ್ಲುವುದು ಹೆಸರುಗಳ ಗೊಂದಲದಿಂದ. ಅರ್ಧ ಹಾಳೆಯನ್ನು ಪುಟಗುರುತಾಗಿ ಇಟ್ಟು ಹೊಸ ಪಾತ್ರ ಬಂದಾಗ ಹೆಸರು, ಯಾರ ಮಗ, ಯಾವ ರಾಜ್ಯ ಎಂದು ಗೀಚಿಕೊಳ್ಳಿ. ನೂರು ಪುಟ ಓದಿದ ಮೇಲೂ ಹಿಡಿಸದಿದ್ದರೆ ಪುಸ್ತಕವನ್ನು ಗ್ರಂಥಾಲಯಕ್ಕೆ ವಾಪಸು ಕೊಟ್ಟು ಬೇರೆ ತನ್ನಿ. ಅದಕ್ಕೆ ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ.